ಅಮಿಲ್ಕರ್ ಹೊಡೆದ ಮೊಳೆ

ರಾತ್ರಿ ಎರಡೂ ಹತ್ತು. ಒರ್ತಾ ಬಂದರಿನಲ್ಲಿ
ನಿಂತ ಹಾಯಿದೋಣಿಗಳ ಕಂಬಕ್ಕೆ ಹಗ್ಗ ಬಡಿಯುತ್ತಿದೆ.
ಟಿಕೆಟ್ ಕಚೇರಿಯ ಹಿಂಬದಿ ಕೋಣೆಯಲ್ಲಿ
ನಾನು, ಸರ್ವರ್, ಕೆನೆಗಟ್ಟಿದ ಕಾಫಿ.

ತೂತು ಬಿದ್ದಿದೆ, ಬೆಳಗಾಗುವುದರೊಳಗೆ ಮುಚ್ಚಿ
ಎಂದು ಲಿಸ್ಬನ್ನಿನ ಅಪ್ಪಣೆ.
ಮುಚ್ಚಬೇಕು, ನಿಲ್ಲಿಸಕೂಡದು.
ಈ ಹೊತ್ತಿನಲ್ಲೂ ಯಾರೋ ಎಚ್ಚರವಿದ್ದಾರೆ:
ಏಳೂವರೆಯ ದೋಣಿಗೆ, ಮದಾಲೆನಾಕ್ಕೆ,
ಹನ್ನೊಂದು ಮಂದಿಯ ವಾದ್ಯಮೇಳಕ್ಕೆ
ಹನ್ನೆರಡು ಆಸನ ಕೇಳುತ್ತಿದ್ದಾರೆ.
ಹನ್ನೆರಡನೆಯದು ಟ್ಯೂಬಾಕ್ಕಂತೆ.

ಓಡುವ ಕುದುರೆಗೆ ಲಾಳ ಹೊಡೆಯುವ ಕೆಲಸ ಇದು.
ಗೊರಸು ನೆಲ ಬಿಟ್ಟ ಗಳಿಗೆಯಲ್ಲೇ ಮೊಳೆ ಇಳಿಯಬೇಕು.

ಆಜ್ಞೆ ಕೊಟ್ಟೆ.
ಬೀಗ ಬೇರೆಯವರ ಕೈಯಲ್ಲಿದೆ, ಎಂದಿತು ಪರದೆ.
ಯಾರ ಕೈ? ಒಂದು ಸಂಖ್ಯೆ ಹೇಳಿತು.
ಆ ಸಂಖ್ಯೆಯವನನ್ನು ಹುಡುಕಿದರೆ
ಅವನು ಎಂದೋ ಸತ್ತಿದ್ದಾನೆ, ಮುಷ್ಟಿ ಮಾತ್ರ ಬಿಗಿದೇ ಇದೆ.
ಬೆರಳು ಬಿಡಿಸುವ ಮೊದಲು ಎರಡು ಸಲ ನೋಡಬೇಕು,
ನಿಜಕ್ಕೂ ಸತ್ತಿದ್ದಾನೆಯೇ ಎಂದು.
ಮೂರು ಸಲ ನೋಡಿದೆ.

ಆಮೇಲೆ ಜಾಗವಿಲ್ಲ ಎಂದಿತು.
ತುಂಬಿಕೊಂಡದ್ದೇನು ಎಂದು ಬಗೆದರೆ ಆರು ಚಳಿಗಾಲದ ಲಾಗ್:
ಗಾಳಿ, ದೋಣಿ ರದ್ದು. ಗಾಳಿ, ದೋಣಿ ರದ್ದು.
ಗಾಳಿ ಇಳಿದಿದೆ. ಇಲ್ಲ, ಇಳಿದಿಲ್ಲ.
ಅಳಿಸಲು ಕೂತವಳು ಓದುತ್ತಾ ಕೂತೆ,
ಕೊನೆಗೆ ಗಂಟು ಕಟ್ಟಿ ಬೇರೆ ಡಿಸ್ಕಿಗೆ ಸಾಗಿಸಿದೆ.

ಈಗ ನಿಜವಾದ ಗೋಳು.
ಇದಕ್ಕೆ ಅದು ಬೇಕು. ಅದಕ್ಕೆ ಹೊಸ ಲೈಬ್ರರಿ ಬೇಕು.
ಹೊಸದು ಕೂರಲು ಹಳೆಯದು ಏಳಬೇಕು.
ಹುಚ್ಚು ಬಿಡದೆ ಮದುವೆಯಿಲ್ಲ, ಮದುವೆಯಾಗದೆ ಹುಚ್ಚು ಬಿಡದು.
ಹಳೆಯದು ಏಳುತ್ತಿಲ್ಲ, ಯಾರೋ ಮೊಳೆ ಹೊಡೆದಿದ್ದಾರೆ.
ಪಕ್ಕದಲ್ಲೊಂದು ಚೀಟಿ:
'ಮುಟ್ಟಬೇಡಿ. ನನ್ನನ್ನು ಕೇಳಿ. ಅಮಿಲ್ಕರ್.'
ತಾರೀಖಿಲ್ಲ. ಕಾರಣವಿಲ್ಲ.

ಬಲವಂತಕ್ಕೊಂದು ದಾರಿ ಇದೆ, ಒಂದು ಪದ ಸೇರಿಸಿದರೆ ಸಾಕು.
ಬೆರಳು ಅಲ್ಲಿಯವರೆಗೆ ಹೋಯಿತು ಕೂಡ.

ಅಮಿಲ್ಕರ್ ಕೆಲಸ ಬಿಟ್ಟು ಸಾವೊ ಜಾರ್ಜ್ ದ್ವೀಪದಲ್ಲಿ
ತಮ್ಮನ ಹಸು ಕರೆಯುತ್ತಾನೆ.
ಹಾಲು ಕರೆಯುವವರು ನಾಲ್ಕಕ್ಕೆ ಏಳುತ್ತಾರೆ.
ನಾಲ್ಕೂ ಐದರವರೆಗೆ ಕಾದೆ.

'ಅದಾ?' ಎಂದ. ಹಿಂದೆ ಯಂತ್ರ ಹಾಲು ಹೀರುವ ಸದ್ದು.
'ಗೈವೋಟಾ ದೋಣಿಯ ಪ್ರಿಂಟರ್, ದಿಯೊಲಿಂಡಾ.
ಹೊಸ ಲೈಬ್ರರಿ ಹಾಕಿದರೆ ಅಕ್ಷರದ ಬಾಲ ತಿನ್ನುತ್ತಿತ್ತು,
ತಲೆಯ ಮೇಲಿನ ಅಲೆ ತಿನ್ನುತ್ತಿತ್ತು.
ಕೊನ್ಸೈಸಾಂವ್ ಅಂತ ಒಬ್ಬಾಕೆ, ಪೀಕೊದವಳು,
ಟಿಕೆಟ್ ನೋಡಿ, ಇದು ನಾನಲ್ಲ ಎಂದು
ದೋಣಿ ಹತ್ತಲೇ ಇಲ್ಲ.
ದಂಡೆಯಲ್ಲಿ ಸೂಟ್‌ಕೇಸಿನ ಮೇಲೆ ಕೂತುಬಿಟ್ಟಳು.
ಆ ಸಂಜೆ ಹೊಡೆದ ಮೊಳೆ.'

'ಗೈವೋಟಾ ಗುಜರಿಗೆ ಹೋಗಿ ಐದು ವರ್ಷವಾಯಿತಲ್ಲ.'

ಯಂತ್ರದ ಸದ್ದು. ಒಂದು ಹಸು ಕೆಮ್ಮಿತು.
'ಹೌದಲ್ಲ,' ಎಂದ. 'ಹಾಗಾದರೆ ಕಿತ್ತುಬಿಡು.'

ಕಿತ್ತೆ.
ಸರ್ವರ್ ನಿಂತು ಮತ್ತೆ ಎದ್ದದ್ದು ಒಂಬತ್ತು ಸೆಕೆಂಡು.
ಆ ಒಂಬತ್ತರಲ್ಲಿ ಯಾರೂ ಟಿಕೆಟ್ ಕೇಳಲಿಲ್ಲ.
ಅದೃಷ್ಟ ಯಾವ ಲಾಗಿನಲ್ಲೂ ದಾಖಲಾಗುವುದಿಲ್ಲ.

ಪರೀಕ್ಷೆಗೆ ಒಂದು ಟಿಕೆಟ್ ತೆಗೆದೆ, ಕೊನ್ಸೈಸಾಂವ್ ಹೆಸರಿನಲ್ಲಿ.
ಅಲೆ ಬಂತು. ಬಾಲ ಅರ್ಧ ಬಂತು.
ಎದೆ ಧಸಕ್ಕೆಂದಿತು.
ರಿಬ್ಬನ್ ಒಣಗಿತ್ತು, ಅಷ್ಟೇ.

ಚೀಟಿಯನ್ನು ಅಳಿಸಲಿಲ್ಲ. ಕೆಳಗೆ ಬರೆದೆ:
ಕೇಳಿದೆ. ಆಮೇಲೆ ಕಾರಣ, ತಾರೀಖು,
ಆಕೆ ಕೂತ ಸೂಟ್‌ಕೇಸು.

ಏಳೂ ಇಪ್ಪತ್ತಕ್ಕೆ ಮೇಳ ಬಂತು, ನಿದ್ದೆಗಣ್ಣಲ್ಲಿ.
ಹನ್ನೆರಡು ಟಿಕೆಟ್.
ಕೊನೆಯದರಲ್ಲಿ ಪ್ರಯಾಣಿಕರ ಹೆಸರು: ಟ್ಯೂಬಾ.
ಬಾಗಿಲ ಬಳಿಯವನು ಅದನ್ನು ಓದಿ,
ಟ್ಯೂಬಾದ ಅಗಲ ಬಾಯಿಯನ್ನೊಮ್ಮೆ ನೋಡಿ,
ಹರಿದು ಅರ್ಧ ವಾಪಸು ಕೊಟ್ಟ.